ಭಾಭಿಯ ಜೋಳದ ಕೇಕು

ಆ ದಿನ ಬಟ್ಟೆ ಒಗೆದೆ, ಮೆಣಸಿನಕಾಯಿಯ ತೊಟ್ಟು ಬಿಡಿಸಿದೆ, ಪಕ್ಕದ ಮನೆಯ ಭಾಭಿಯೊಂದಿಗೆ ರಾಣೆಬೆನ್ನೂರಿನ ಗಿರಣಿಗೆ ಹೋದೆ. ಗೋಧಿ ತಿಂದರೆ ಅವರ ಮಗಳಿಗೆ ಹೊಟ್ಟೆ ಹಿಂಡುತ್ತಿತ್ತು. ಅದಕ್ಕೇ ಕುಕ್ಕರಿನಲ್ಲಿ ಜೋಳದ ಹಿಟ್ಟಿನ ಕೇಕು ಮಾಡುತ್ತಿದ್ದರು. ಮೊದಮೊದಲು ಅದು ಕಲ್ಲಾದಾಗ ಬೆರಳಗಿಣ್ಣಿನಿಂದ ಬಡಿದು ನೋಡಿ, “ಇರ್ಲಿ ಬಿಡ್ರಿ, ನಾಳೆ ನೋಡೂಣು” ಅನ್ನುತ್ತಿದ್ದರು. ಹಿಂದಿನ ವಾರದ್ದು ಚೆನ್ನಾಗಿ ಉಬ್ಬಿತ್ತು. ಆದರೂ ಹುಡುಗಿ ನರಳಿದ್ದಳು. ಯಾಕೆಂದು ತಿಳಿದಿರಲಿಲ್ಲ.

ಗಿರಣಿಯವನು ಯಾರದೋ ಗೋಧಿ ಬೀಸಿ, ಅದೇ ಕಲ್ಲಿಗೆ ಭಾಭಿಯ ಜೋಳ ಸುರಿದ. ಅವರು ಹೌಹಾರಿದರು.

“ಅಣ್ಣಾರ, ಗೋಧಿ ಕೂಡಿತಲ್ರಿ!”

“ಕಲ್ಲಿಗೇನ್ ಜಾತಿ ಐತೇನ್ರಿ, ಭಾಭಿ?”

ಅವರು ನಗಲಿಲ್ಲ. ಆ ಹಿಟ್ಟನ್ನು ನನಗೆ ಕೊಟ್ಟು, ಮನೆಯಲ್ಲಿ ಉಳಿದಿದ್ದ ಜೋಳವನ್ನು ಮಿಕ್ಸಿಯಲ್ಲಿ ಪುಡಿಮಾಡಿ ಸಾಣಿಸಿದರು. ಸಂಜೆ ಹುಡುಗಿ ಕೇಕು ತಿಂದಳು. ಅವಳ ಹೊಟ್ಟೆಯ ಮೇಲೆ ಕೈಯಿಟ್ಟು, ನೋವು ಬರುತ್ತದೇನೋ ಎಂದು ಕಾಯುತ್ತ ಕುಳಿತಿದ್ದ ಭಾಭಿಗೇ ಮೊದಲು ನಿದ್ದೆ ಹತ್ತಿತು.