ಕ್ಯಾಸೆಟ್ಟಿನ ಕೊನೆಯ ನಾಲ್ಕು ನಿಮಿಷ

ನನ್ನದೇ ಕೈಬರಹ ಮೊನ್ನೆ ಮೊನ್ನೆ ಫಾರಿನ್ನಿನಿಂದ ವಾಪಸ್ ಬಂತು.

ತಮಾಷೆ ಅಲ್ಲ. ಲಿಂಗಸುಗೂರಿನ ನಮ್ಮ ಮನೆಯ ವರಾಂಡದಲ್ಲಿ ಕೂತು ಹೆಸರುಕಾಳು ಆರಿಸುತ್ತಿದ್ದೆ. ಮಸ್ಕಿ ಬಸ್ಸಿನಿಂದ ಇಳಿದ ಅಮರೇಶ ಗೇಟು ತೆಗೆದು ಬಂದ. ಕೈಯಲ್ಲಿ ಏರ್ ಮೇಲ್ ಕವರು. ಒಳಗೆ ಎರಡು ಹಾಳೆಯ ಇಂಗ್ಲಿಷ್ ಪತ್ರ, ಜೊತೆಗೊಂದು ಜೆರಾಕ್ಸ್. ಜೆರಾಕ್ಸಿನ ಜೆರಾಕ್ಸಿನ ಜೆರಾಕ್ಸ್ ಇರಬೇಕು, ಅಷ್ಟು ಮಸುಕು. ಆದರೆ ಬಲಕ್ಕೆ ವಾಲಿದ ಆ ಅಕ್ಷರಗಳು ನನ್ನವೇ. ಬಳ್ಳಾರಿಯ ಕಾನ್ವೆಂಟಿನಲ್ಲಿ ಸಿಸ್ಟರ್ ಒಬ್ಬರು ಬೆರಳಿನ ಗಂಟಿಗೆ ಸ್ಕೇಲಿನಿಂದ ಬಾರಿಸಿ ಕಲಿಸಿದ ಕರ್ಸಿವ್ ರೈಟಿಂಗ್!

ಹತ್ತು ವರ್ಷದ ಹಿಂದೆ ಒಂದು ಕ್ಯಾಸೆಟ್ಟಿನ ಡಬ್ಬಿಯೊಳಗೆ ಇಡಲು ಬರೆದುಕೊಟ್ಟಿದ್ದ ಚೀಟಿ ಅದು. ಬ್ಯಾಂಡಿನ ಹೆಸರು. ಶಾರ್ಟ್ ವೇವ್, ಲೈವ್, ಶನಿವಾರ ಸಂಜೆ. ಕೆಳಗೆ, ರೆಕಾರ್ಡ್ ಮಾಡಿದವರು: ಅಮರೇಶ, ಹಿಟ್ಟಿನ ಗಿರಣಿ, ಬಸ್ ಸ್ಟ್ಯಾಂಡ್ ಹತ್ತಿರ, ಮಸ್ಕಿ.

ಹಿಟ್ಟಿನ ಗಿರಣಿಗೂ ಲೈವ್ ಕಾನ್ಸರ್ಟಿಗೂ ಏನು ಸಂಬಂಧ ಅಂತೀರಾ? ಸ್ವಲ್ಪ ಹಿಂದೆ ಹೋಗಬೇಕು.

ಎಂಬತ್ತರ ದಶಕದಲ್ಲಿ ನಾವು ಮಸ್ಕಿಯಲ್ಲಿದ್ದೆವು. ಅಮರೇಶನ ಗಿರಣಿಯ ಹಿಂದಿನ ಮನೆ ನಮ್ಮದು. ಅವನ ಹತ್ತಿರ ಒಂದು ಟೂ-ಇನ್-ಒನ್ ಇತ್ತು, ರೇಡಿಯೋ ಮತ್ತು ಟೇಪ್ ರೆಕಾರ್ಡರ್ ಎರಡೂ ಸೇರಿದ್ದು. ಒಂದು ಸಂಜೆ ಅದರ ಮುಳ್ಳು ತಿರುಗಿಸುತ್ತಿದ್ದಾಗ ಯಾವುದೋ ದೂರದ ಸ್ಟೇಷನ್ನಿನಲ್ಲಿ ದಿ ಮಂಡೇ ಅಂಬ್ರೆಲಾಸ್ ಅನ್ನೋ ಬ್ಯಾಂಡು ಹಾಡಿತು. ಅಷ್ಟೇ. ಮನುಷ್ಯ ಮರುಳಾಗಿ ಹೋದ.

ಪವರ್ ಪಾಪ್ ಅಂತಾರೆ ಅದಕ್ಕೆ. ಮೂರು ನಿಮಿಷದ ಪುಟ್ಟ ಹಾಡು. ಗಿಟಾರು ಒಂದೇ ಸಮನೆ ಧಡಧಡ. ಮೇಲೆ ನಾಲ್ಕು ಗಂಟಲು ಸೇರಿ ಎತ್ತುವ ಸಿಹಿಯಾದ ಟ್ಯೂನು. ಎರಡು ಸಲ ಕೇಳಿದರೆ ಮೂರನೇ ಸಲ ನೀವೇ ಹಾಡುತ್ತೀರಿ. (ಪಿಯಾನೋದಲ್ಲಿ ಚರ್ಚಿನ ಹಿಮ್ಸ್ ಮಾತ್ರ ಕಲಿತ ನಾನೂ ಸಾರಿಗೆ ಒಗ್ಗರಣೆ ಹಾಕುತ್ತ ಗುನುಗಿದ್ದುಂಟು. ಸಿಸ್ಟರ್ ಕ್ಷಮಿಸಲಿ.)

ಅಮರೇಶನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಹಾಡಿನ ಅರ್ಥ ಒಂದಕ್ಷರ ತಿಳಿಯುತ್ತಿರಲಿಲ್ಲ. “ಅರ್ಥ ಯಾಕ ಬೇಕ್ರಿ ಅಮ್ಮಾರ? ಕೇಳಿದ್ರ ಮೈ ಹಗುರಾಗತೈತಿ,” ಅನ್ನುತ್ತಿದ್ದ. ಆ ಸ್ಟೇಷನ್ನಿನವರು ಶನಿವಾರ ಸಂಜೆ ಲೈವ್ ಕಾನ್ಸರ್ಟ್ ಹಾಕುತ್ತಿದ್ದರು. ಗಿರಣಿಯ ಮೋಟರು ಓಡಿದರೆ ರೇಡಿಯೋದಲ್ಲಿ ಬರೀ ಗುರ್ರ್. ಹಾಗಾಗಿ ಸರಿಯಾಗಿ ಆ ಹೊತ್ತಿಗೆ ಮೋಟರು ಬಂದ್! ಜೋಳದ ಡಬ್ಬಿ ಹಿಡಿದು ಪಾಳಿಯಲ್ಲಿ ನಿಂತ ಹೆಂಗಸರು ಸುಮ್ಮನಿರುತ್ತಾರೆಯೇ?

“ಬಂದ್ರು ನೋಡವ್ವ, ಇವನ ಛತ್ರಿ ಮಂದಿ. ಇನ್ನ ರೊಟ್ಟಿ ಬಡದಂಗ!”

“ಲೇ ಅಮರ್ಯಾ, ನನ್ನ ಗಂಡ ಹಸಕೊಂಡು ಕುಂತಾನ. ಅವಂಗೂ ಒಂದು ಇಂಗ್ಲಿಷ್ ಹಾಡು ಕಟ್ಟಿ ಕೊಡು, ಒಯ್ತೀನಿ.”

ಅಮರೇಶ ಬೆರಳು ತುಟಿಯ ಮೇಲಿಟ್ಟು ರೆಕಾರ್ಡಿನ ಬಟನ್ ಒತ್ತುತ್ತಿದ್ದ.

ನನ್ನ ಕೆಲಸ ಪತ್ರ ಬರೆಯೋದು. ಸ್ಟೇಷನ್ನಿಗೆ ಬರೆದೆ. ಅವರು ಒಂದು ಫ್ಯಾನ್ ಕ್ಲಬ್ಬಿನ ವಿಳಾಸ ಕಳಿಸಿದರು. ಕ್ಲಬ್ಬಿನಿಂದ ಒಂದು ಲಿಸ್ಟು ಬಂತು. ಅದನ್ನು ಓದಿ ನಾನು ನಿಜಕ್ಕೂ ದಂಗಾದೆ. ಈ ಬ್ಯಾಂಡು ರೇಡಿಯೋದಲ್ಲಿ ಲೈವ್ ಆಗಿ ಹಾಡಿದ ಪ್ರತಿಯೊಂದು ಸಲದ ದಾಖಲೆ. ಎಷ್ಟು ನಿಮಿಷ, ಯಾವ ಹಾಡಿನ ನಡುವೆ ಡ್ರಮ್ಮರ್ ಕೆಮ್ಮಿದ, ಎಲ್ಲಿ ಸ್ಟೇಷನ್ ಜಾರಿತು. ಎಲ್ಲಾ! ಹಾಡಿದವರಿಗೇ ಇದು ನೆನಪಿರಲಿಕ್ಕಿಲ್ಲ. ಒಬ್ಬರ ಮುಖ ಒಬ್ಬರು ನೋಡಿಲ್ಲ, ಆದರೂ ದೇಶದಿಂದ ದೇಶಕ್ಕೆ ಕ್ಯಾಸೆಟ್ ಕಾಪಿ ಮಾಡಿ ಅಂಚೆಗೆ ಹಾಕುತ್ತಿದ್ದರು. ಅವರದೊಂದೇ ಕಟ್ಟಪ್ಪಣೆ: ಏನನ್ನೂ ಕತ್ತರಿಸಬಾರದು. ಟೇಪು ಮುಗಿಯುವ ತನಕ ಕಾಪಿ ಮಾಡಬೇಕು.

ಆ ಲಿಸ್ಟಿನಲ್ಲಿ ಒಂದು ಜಾಗ ಖಾಲಿ. ಏಷ್ಯಾದ ಕಡೆಗಷ್ಟೇ ಬಿತ್ತರವಾದ ಒಂದು ಕಾನ್ಸರ್ಟು. ಸ್ಟೇಷನ್ನಿನವರೂ ಇಟ್ಟುಕೊಂಡಿಲ್ಲ. ಯಾರ ಬಳಿಯಾದರೂ ಇದೆಯೇ ಅಂತ ಕೇಳಿದ್ದರು.

ಇತ್ತು. ಮಸ್ಕಿಯ ಹಿಟ್ಟಿನ ಗಿರಣಿಯಲ್ಲಿ, ಜೋಳದ ಹಿಟ್ಟು ಮೆತ್ತಿದ ಒಂದು ಕ್ಯಾಸೆಟ್ಟಿನಲ್ಲಿ.

ಈಗ ಆ ಕ್ಯಾಸೆಟ್ಟಿನ ಕಥೆ.

ಅವತ್ತು ಶನಿವಾರ. ಹೊಸ ಕ್ಯಾಸೆಟ್ ತರಲು ಸಿಂಧನೂರಿಗೆ ಹೋಗಬೇಕಿದ್ದ ಅಮರೇಶನಿಗೆ ಬಸ್ಸು ತಪ್ಪಿತ್ತು. ಬ್ಯಾಂಡಿನ ಕ್ಯಾಸೆಟ್ಟು ಬಿಟ್ಟರೆ ಮನೆಯಲ್ಲಿ ಇದ್ದವು ಎರಡೇ. ಒಂದು ಮಠದ ಸ್ವಾಮಿಗಳ ಪ್ರವಚನ. ಇನ್ನೊಂದು ಅವನ ಅವ್ವ ಶರಣಮ್ಮನದು. ಒಂದು ಬದಿಗೆ ಅವ್ವ ಹಾಡಿದ ತತ್ವಪದಗಳು, ಇನ್ನೊಂದು ಬದಿ ಆಗಲೇ ಬ್ಯಾಂಡಿನ ಪಾಲಾಗಿತ್ತು. ಶರಣಮ್ಮನ ಕಂಠ ಮಸ್ಕಿಗೇ ಗೊತ್ತು. ಶ್ರಾವಣದ ಭಜನೆಯಲ್ಲಿ ಆಕೆ ಬಾಯಿ ಬಿಟ್ಟರೆ ಮಠದ ಹೊರಗೆ ಚಪ್ಪಲಿ ಕಾಯುವವನೂ ಒಳಗೆ ಬಂದು ಕೂರುತ್ತಿದ್ದ.

ಮಗ ಕ್ಯಾಸೆಟ್ಟಿಲ್ಲದೆ ಒದ್ದಾಡುವುದನ್ನು ನೋಡಿ ಆಕೆಯೇ ಅಂದಳು, “ಸ್ವಾಮಿಗಳ್ದು ಮುಟ್ಟಬ್ಯಾಡಪ. ನನ್ನ ಹಾಡಿನ ಮ್ಯಾಲ ತುಂಬಿಕೋ. ನಾ ಏನು ಎಲ್ಲಿಗೂ ಹೊಂಟಿಲ್ಲ. ನಾಳಿಗೆ ಇನ್ನೊಮ್ಮೆ ಹಾಡ್ತೀನಿ.”

ನಾನು ಅಲ್ಲೇ ಇದ್ದೆ. ನನ್ನ ಡಬ್ಬಿಯೂ ಪಾಳಿಯಲ್ಲಿತ್ತು.

ಅಳಿಸಿಹೋಗಬಾರದೆಂದು ಆ ಕ್ಯಾಸೆಟ್ಟಿನ ಹಿಂದಿನ ಪುಟ್ಟ ಪ್ಲಾಸ್ಟಿಕ್ ಚೂರನ್ನು ಅಮರೇಶನೇ ಮುರಿದಿದ್ದ. ಈಗ ಆ ತೂತಿಗೆ ಕಾಗದದ ಉಂಡೆ ತುರುಕಿದ. ರೆಕಾರ್ಡ್ ಒತ್ತಿದ. ಕಾನ್ಸರ್ಟು ಮುಗಿದ ಕೂಡಲೇ ನಿಲ್ಲಿಸಿ, ಕ್ಯಾಸೆಟ್ ತೆಗೆದು ಜೋಪಾನ ಮಾಡಿದ. ಕ್ಲಬ್ಬಿನ ಕೋರಿಕೆ ಬಂದ ಮೇಲೆ ಮೂಲ ಕ್ಯಾಸೆಟ್ಟನ್ನೇ ಅಂಚೆಗೆ ಹಾಕಿದ. (ಕಾಪಿಯಲ್ಲಿ ಸುಂಯ್ ಸದ್ದು ಸೇರುತ್ತದೆ ಅಂತ ಅವನ ಹಟ.)

ನಾಳೆ ಇನ್ನೊಮ್ಮೆ ಹಾಡ್ತೀನಿ ಅಂದಿದ್ದಳಲ್ಲ? ಆ ನಾಳೆ ಶ್ರಾವಣಕ್ಕೆ ಹೋಯಿತು, ಶ್ರಾವಣ ದೀಪಾವಳಿಗೆ ಹೋಯಿತು. ಅಷ್ಟರಲ್ಲಿ ಶರಣಮ್ಮನಿಗೆ ಲಕ್ವಾ ಹೊಡೆಯಿತು. ಮಾತು ನಿಂತಿತು. ಎರಡು ವರ್ಷ ಕಣ್ಣಲ್ಲೇ ಮಾತಾಡಿ ಹೊರಟುಹೋದಳು. ಕಳಿಸಿದ ಕ್ಯಾಸೆಟ್ಟಿಗೆ ಉತ್ತರ ಬರಲಿಲ್ಲ. ಕ್ಲಬ್ಬಿನವನು ಮನೆ ಬದಲಿಸಿದ್ದನಂತೆ, ನನ್ನ ಪತ್ರಗಳು ವಾಪಸ್ ಬಂದವು.

ಅಮರೇಶನ ಅಕ್ಕ ನೀಲಮ್ಮನನ್ನು ಬಳಗಾನೂರಿಗೆ ಕೊಟ್ಟಿದ್ದಾರೆ. ಅವ್ವನ ದನಿ ಕೇಳಬೇಕು ಅಂತ ದಿನಕರ್ಮ ಮುಗಿದ ಮೇಲೆ ಆಕೆ ಕ್ಯಾಸೆಟ್ ಹುಡುಕಿದಾಗ ವಿಷಯ ಹೊರಬಿತ್ತು. “ಅವ್ವನ ಕೊಟ್ಟಾಳಬೇ,” ಅಂದ ಇವನು.

“ಅಕಿ ಕೊಟ್ಟಾಳ ಖರೆ. ನೀ ಯಾಕ ತಗೊಂಡಿ?”

ಅಲ್ಲಿಂದ ಅಕ್ಕ-ತಮ್ಮನ ಮಾತು ನಿಂತಿತು. ಅಮರೇಶ ಆ ಟೂ-ಇನ್-ಒನ್ ಅನ್ನು ಅಟ್ಟಕ್ಕೆ ಹಾಕಿದ. ಶನಿವಾರವೂ ಮೋಟರು ಓಡತೊಡಗಿತು. ಹೆಂಗಸರಿಗೇ ಕಸಿವಿಸಿ.

ಇಷ್ಟಾದ ಮೇಲೆ, ಈಗ ಈ ಪತ್ರ.

ಬರೆದವನು ಆರ್ಥರ್ ಅನ್ನೋ ಮುದುಕ. ಒಂದು ಶಾಲೆಯಲ್ಲಿ ವಾಚ್‌ಮನ್ ಆಗಿದ್ದವನು. ಕ್ಯಾಸೆಟ್ ಅವನಿಗೆ ಡೆನ್ಮಾರ್ಕಿನ ಒಬ್ಬ ನರ್ಸ್ ಕಾಪಿ ಮಾಡಿ ಕೊಟ್ಟದ್ದು. ಆಕೆಗೆ ಜಪಾನಿನಿಂದ, ಮನೆ ಬದಲಿಸಿದ್ದ ಆ ಕ್ಲಬ್ಬಿನವನಿಂದಲೇ ಬಂದದ್ದು. ಚೀಟಿ ಕೂಡ ಜೆರಾಕ್ಸಾಗಿ ಜೊತೆಗೇ ಸಾಗಿದೆ. ಕಾನ್ಸರ್ಟನ್ನು ಹೊಗಳಿ ಹೊಗಳಿ ಒಂದು ಪುಟ. ಆಮೇಲಿನ ಸಾಲನ್ನು ನಾನು ಎರಡೆರಡು ಸಲ ಓದಿದೆ.

“ಯಾಕ್ರೀ ಅಮ್ಮಾರ? ಏನ್ ಬರದಾನ?”

“ಕಾನ್ಸರ್ಟ್ ಮುಗಿದ ಮೇಲೆ ಟೇಪಿನ ಕೊನೆಗೆ ನಾಲ್ಕು ನಿಮಿಷ ಒಬ್ಬ ಹೆಂಗಸು ಹಾಡುತ್ತಾಳೆ. ಯಾರು ಆಕೆ, ಯಾವ ಭಾಷೆ ಅಂತ ಕೇಳಿದ್ದಾನೆ.”

ಅಮರೇಶ ಹಾಳೆಯತ್ತ ಬಗ್ಗಿದ. “ಇನ್ನೊಮ್ಮೆ ಓದ್ರಿ,” ಅಂದ. ಓದಿದೆ. ಬೆರಳು ಮಡಚಿ ಲೆಕ್ಕ ಹಾಕಿದ. ಕ್ಯಾಸೆಟ್ಟಿನ ಬದಿ ನಲವತ್ತೈದು ನಿಮಿಷ. ಕಾನ್ಸರ್ಟು ನಲವತ್ತು. ಸ್ಟಾಪ್ ಒತ್ತಿದ ಮೇಲೆ ಮುಂದಕ್ಕೆ ಏನುಳಿದಿದೆ ಅಂತ ಅವನು ಕೇಳಿಯೇ ಇರಲಿಲ್ಲ! ಎಲ್ಲಾ ಅಳಿಸಿತು ಅಂದುಕೊಂಡು ಇಷ್ಟು ವರ್ಷ ಬೆಂದಿದ್ದ.

ಕಾಪಿ ಕಳಿಸಿ ಅಂತ ಅವತ್ತೇ ಬರೆದೆ. “ಅಕ್ಕಗ ಈಗ ಹೇಳಬ್ಯಾಡ್ರಿ,” ಅಂದ. “ಅವ್ವಂದಲ್ಲದ ಬ್ಯಾರೆ ಯಾರ್ದರ ದನಿ ಇದ್ರ? ಎಲ್ಡನೇ ಸಲ ಅವ್ವನ್ನ ಕಳಕೊಂಡಂಗ ಆಕ್ಕೈತಿ ಅಕಿಗೆ.”

ಒಂದೂವರೆ ತಿಂಗಳು. ನನಗೇ ನಿದ್ದೆ ಸರಿಯಾಗಿ ಬರುತ್ತಿರಲಿಲ್ಲ, ಅವನ ಪಾಡೇನು? ಕೊನೆಗೆ ಹೋದ ಭಾನುವಾರ ಅಮರೇಶ ಪಾರ್ಸಲ್ ಹಿಡಿದು ಬಂದ. ಒಡೆದಿರಲಿಲ್ಲ. ಒಬ್ಬನೇ ಕೇಳುವ ಧೈರ್ಯ ಇಲ್ಲವಂತೆ. “ನೀವೂ ಬರ್ರಿ. ಸೀದಾ ಬಳಗಾನೂರಿಗೇ ಹೋಗೂನು. ಆದದ್ದಾಗ್ಲಿ.”

ಎರಡು ಬಸ್ಸು ಬದಲಿಸಿ ಹೋದೆವು. ಇವನ ತೊಡೆಯ ಮೇಲೆ ಅಟ್ಟದಿಂದ ಇಳಿಸಿದ ಟೂ-ಇನ್-ಒನ್. ನೀಲಮ್ಮ ಅಂಗಳದಲ್ಲಿ ಹರವಿದ ಭತ್ತಕ್ಕೆ ಕಾಲಾಡಿಸುತ್ತಿದ್ದಳು. ತಮ್ಮನನ್ನು ನೋಡಿ ಮುಖ ತಿರುಗಿಸಿದಳು. “ಬರ್ರಿ ಅಮ್ಮಾರ,” ಅಂದದ್ದು ನನಗೊಬ್ಬಳಿಗೇ. ವಿಷಯ ನಾನೇ ಹೇಳಿದೆ. ಇರಬಹುದು, ಇರಲಿಕ್ಕಿಲ್ಲ ಅಂತ ಎರಡನ್ನೂ ಹೇಳಿದೆ. ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಬಂದು ಕಟ್ಟೆಯ ಮೇಲೆ ಕೂತಳು.

ಅಮರೇಶ ಕ್ಯಾಸೆಟ್ ಹಾಕಿ ಮುಂದಕ್ಕೋಡಿಸುವ ಬಟನ್ ಮೇಲೆ ಬೆರಳಿಟ್ಟ.

“ಬ್ಯಾಡ,” ಅಂದಳು ನೀಲಮ್ಮ. “ಮೊದಲಿಂದ ಹಚ್ಚು. ಯಾವ ಹಾಡಿನ ಸಲುವಾಗಿ ಅವ್ವನ ದನಿ ಹೋತು, ಅದನ್ನೂ ಕೇಳೇ ಬಿಡ್ತೀನಿ.”

ನಲವತ್ತು ನಿಮಿಷ! ಬಳಗಾನೂರಿನ ಅಂಗಳದಲ್ಲಿ ಭತ್ತದ ಮುಂದೆ ದಿ ಮಂಡೇ ಅಂಬ್ರೆಲಾಸ್. ಗಿಟಾರು, ಚಪ್ಪಾಳೆ, ಸಿಳ್ಳೆ. ಗುಬ್ಬಿಗಳು ಎದ್ದು ಹೋದವು. ನೀಲಮ್ಮ ಕದಲಲಿಲ್ಲ. ಮೂರನೆಯದೋ ನಾಲ್ಕನೆಯದೋ ಹಾಡಿಗೆ ಆಕೆಯ ಕಾಲಿನ ಹೆಬ್ಬೆರಳು ತಾಳ ಹಾಕಿತು. (ನಾನು ನೋಡಿದೆ. ಆಕೆಗೆ ಗೊತ್ತಿಲ್ಲ.) ಕೊನೆಗೆ ಜನರ ಕೇಕೆ. ಅನೌನ್ಸರ್ ಏನೋ ಹೇಳುತ್ತಿದ್ದ. ಅರ್ಧಕ್ಕೇ ಕಟಕ್.

ಒಂದು ಕ್ಷಣ ಬರೀ ಸುಂಯ್.

ಆಮೇಲೆ ಶರಣಮ್ಮ.

ನಾನು ದೊಡ್ಡ ದೊಡ್ಡ ಚರ್ಚುಗಳಲ್ಲಿ ಕ್ವಾಯರ್ ಕೇಳಿದ್ದೇನೆ. ಮೈ ಮೇಲೆ ಇಷ್ಟು ಮುಳ್ಳು ಎದ್ದದ್ದಿಲ್ಲ. ಗುರುವನ್ನು ಕರೆಯುವ ಒಂದು ಪದ, ನಡುವಿನಿಂದ ಶುರು. ಮೂರು ಸಮುದ್ರ ದಾಟಿ, ಒಬ್ಬರಿಂದೊಬ್ಬರಿಗೆ ಕಾಪಿಯಾಗಿ, ಸವೆದು, ಸಣ್ಣಗಾಗಿ ಬಂದ ದನಿ. ಆದರೂ ಅದೇ ದನಿ! ಭಾಷೆ ಗೊತ್ತಿಲ್ಲದ ಮೂವರು ಅಪರಿಚಿತರು, ಕತ್ತರಿಸಬಾರದು ಅನ್ನೋ ಒಂದೇ ಮಾತಿಗೆ ಕಟ್ಟುಬಿದ್ದು, ನಮ್ಮ ಶರಣಮ್ಮನನ್ನು ಕಾಪಾಡಿದ್ದರು. ಇದನ್ನು ಏನನ್ನಬೇಕು? ಮಿರಾಕಲ್ ಅನ್ನೋ ಶಬ್ದವನ್ನು ನಾನು ಸುಮ್ಮಸುಮ್ಮನೆ ಬಳಸುವವಳಲ್ಲ.

ಹಾಡು ಇದ್ದಕ್ಕಿದ್ದಂತೆ ನಿಂತಿತು. ಆಕೆ ಮಾತಾಡಿದಳು.

“ಸಾಕ್ ಬಂದ್ ಮಾಡೋ ಅಮರ್ಯಾ, ಸೆಲ್ ತೀರ್ತಾವ. ನೀಲಾ ಬರ್ಲಿ, ಅಕಿ ಮುಂದ ಪೂರಾ ಹಾಡ್ತೀನಿ.”

ಟೇಪು ಮುಗಿಯಿತು.

ನೀಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಾಳೆ ಅಂದುಕೊಂಡೆ. ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು. “ನೋಡ್ರಿ ಅಮ್ಮಾರ, ಗುರುವಿನ ಪದ ಹಾಡೂವಾಗನೂ ಸೆಲ್ಲಿನ ಚಿಂತಿ ಇಕಿಗೆ!” ಆಮೇಲೆ ತಮ್ಮನ ಕಡೆ ತಿರುಗಿ ಎಷ್ಟೋ ವರ್ಷದ ನಂತರ ಮೊದಲ ಮಾತು ಆಡಿದಳು. “ಉಣ್ಣಾಕ ಏಳು. ಆಮ್ಯಾಗ ಇನ್ನೊಮ್ಮೆ ಹಚ್ಚುವಂತಿ.”

ಊಟವಾದ ಮೇಲೆ ಪಾರ್ಸಲ್ಲಿನ ಜೊತೆ ಬಂದಿದ್ದ ಆರ್ಥರನ ಪತ್ರದ ಕೊನೆಯ ಸಾಲು ಓದಿ ಹೇಳಿದೆ. ಯಾರದೋ ಮನೆಯ ಖಾಸಗಿ ದನಿ ಇದ್ದಂತಿದೆ, ಕುಟುಂಬದವರಿಗೆ ಬೇಡವಾದರೆ ಮುಂದಿನ ಕಾಪಿಗಳಲ್ಲಿ ಆ ನಾಲ್ಕು ನಿಮಿಷ ತೆಗೆದುಬಿಡುತ್ತೇವೆ ಅಂತ ಬರೆದಿದ್ದ. ಎಂದೂ ಕತ್ತರಿ ಹಿಡಿಯದವರು, ಇವರಿಗೋಸ್ಕರ ಹಿಡಿಯಲು ತಯಾರು!

ಅಮರೇಶ ಅಕ್ಕನ ಮುಖ ನೋಡಿದ. ತೀರ್ಮಾನ ಆಕೆಯದು ಅಂತ ಅವನಿಗೆ ಗೊತ್ತಿತ್ತು.

“ತೆಗೀಬ್ಯಾಡ್ರಿ ಅಂತ ಬರೀರಿ ಅಮ್ಮಾರ,” ಅಂದಳು ನೀಲಮ್ಮ. “ಅವ್ವ ಇದ್ದಷ್ಟು ದಿನ ಈ ಕಡೆ ಸಿಂಧನೂರು, ಆ ಕಡೆ ಲಿಂಗಸುಗೂರು. ಅದನ್ನ ದಾಟಿದಾಕಿ ಅಲ್ಲ. ಈಗರ ನಾಕ್ ದೇಶ ತಿರುಗ್ಯಾಡ್ಲಿ ಬಿಡ್ರಿ.”

ಹಾಗೇ ಬರೆದು ಸೋಮವಾರ ಅಂಚೆಗೆ ಹಾಕಿದೆ.

ಈ ವಾರ ಶರಣಮ್ಮ ಯಾವ ಊರಲ್ಲಿ ಹಾಡುತ್ತಿದ್ದಾಳೋ?