‘ಇದನ್ನ ಬರೆದವರು ನೀವೇ ತಾನೆ?’

ಬೆಳಗಿನ ಐದೂಮುಕ್ಕಾಲು. ಹಾರ್ಲನ್ ಕ್ರೀಕ್‌ನ ಮುಖ್ಯ ಬೀದಿಯಲ್ಲಿ ಬೇಕರಿ ಬಿಟ್ಟರೆ ದೀಪ ಉರಿಯುತ್ತಿರುವುದು ‘ಕ್ರೀಕ್ ಡಿಸ್ಪ್ಯಾಚ್’ ಪತ್ರಿಕೆಯ ಕಚೇರಿಯಲ್ಲಿ ಮಾತ್ರ. ಬರ್ನಡೀನ್ ಹುಡಾಕ್ ಇನ್ನೂ ಕೋಟು ಬಿಚ್ಚಿಲ್ಲ, ಹೆಗಲ ಚೀಲ ಇಳಿಸಿಲ್ಲ. ಮೇಜಿನ ಮೇಲಿನ ಫೋನಿನಲ್ಲಿ ಕೆಂಪು ಚುಕ್ಕಿಯೊಂದು ಮಿನುಗುತ್ತಿದೆ. ನಿನ್ನೆ ಸಂಜೆ ಬಾಗಿಲು ಹಾಕಿದ ಮೇಲೆ ಮೂವತ್ತೇಳು ಜನ ಕರೆ ಮಾಡಿ ಬೈಗುಳ ಬಿಟ್ಟುಹೋಗಿದ್ದಾರೆ. ಬರ್ನಡೀನ್ ಗುಂಡಿ ಒತ್ತಿ, ನಿಂತೇ ಕೇಳುತ್ತಾರೆ.

“ನಿಮ್ಮ ಪೇಪರು ಯಾರ ಜೇಬಲ್ಲಿದೆ ಅಂತ ಇವತ್ತು ಗೊತ್ತಾಯ್ತು,” ಎನ್ನುತ್ತದೆ ಮೊದಲ ದನಿ. ಎರಡನೆಯದೂ ಅದನ್ನೇ ಹೇಳುತ್ತದೆ. ಜೇಬು ಮಾತ್ರ ಬೇರೆ ಪಕ್ಷದ್ದು. ಮೂರನೆಯವರು ಆರ್ವಿಲ್ ಬೀಮ್. ಅವರು ಸ್ಕೇಲು ಹಿಡಿದು ಮುಖಪುಟ ಅಳೆದಿದ್ದಾರೆ. ಶನಿವಾರ ಊರಿಗೆ ಬಂದಿದ್ದ ಅಭ್ಯರ್ಥಿಯ ಚಿತ್ರ ನಾಲ್ಕು ಅಂಗುಲ, ಭಾನುವಾರ ಬಂದಿದ್ದ ಅಭ್ಯರ್ಥಿಯದು ನಾಲ್ಕೂಕಾಲು. “ಆ ಕಾಲು ಅಂಗುಲ ಯಾಕೆ ಅಂತ ನನಗೆ ಬರವಣಿಗೇಲಿ ಉತ್ತರ ಬೇಕು ಬರ್ನಿ,” ಎಂದು ಹೇಳಿ, ಕೊನೆಗೆ “ಲೆನ್‌ನ ಮಂಡಿನೋವು ಹೇಗಿದೆ?” ಎಂದು ಬರ್ನಡೀನ್ ಗಂಡನನ್ನೂ ವಿಚಾರಿಸಿಕೊಂಡಿದ್ದಾರೆ.

ಬರ್ನಡೀನ್ ಎಲ್ಲವನ್ನೂ ಒಂದು ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ: ಹೆಸರು, ಹೊತ್ತು, ದೂರು. ಎಡಗಿವಿಯಲ್ಲಿ ಶ್ರವಣಯಂತ್ರವಿದೆ. ಕೆಲವು ದನಿ ಶುರುವಾದ ಕೂಡಲೇ ಬೆರಳು ತಾನಾಗಿ ಅಲ್ಲಿಗೆ ಹೋಗಿ ಸದ್ದು ತಗ್ಗಿಸುತ್ತದೆ. “ಕೂತ್ಕೊಂಡು ಕೇಳಿದ್ರೆ ಮನಸ್ಸಿಗೆ ಹೋಗ್ಬಿಡುತ್ತೆ. ನಿಂತಿದ್ರೆ ಹಾಗೇ ದಾಟ್ಕೊಂಡು ಹೋಗುತ್ತೆ,” ಎನ್ನುತ್ತಾರೆ. ಆದರೆ ಈ ಅಕ್ಟೋಬರಿನಲ್ಲಿ ಯಾವುದೂ ದಾಟಿಕೊಂಡು ಹೋಗುತ್ತಿರುವಂತೆ ಕಾಣುವುದಿಲ್ಲ. ಮಾತಾಡುವಾಗಲೂ ಅವರ ಕೈ ಪೆನ್ನಿನ ಮುಚ್ಚಳ ತೆಗೆಯುತ್ತದೆ, ಹಾಕುತ್ತದೆ, ಮತ್ತೆ ತೆಗೆಯುತ್ತದೆ.

ಅರವತ್ತೇಳರ ಬರ್ನಡೀನ್ ಪತ್ರಿಕೆಯ ವಾಚಕರ ಪತ್ರಗಳನ್ನು ನೋಡಿಕೊಳ್ಳುತ್ತಾರೆ. ಮೂವತ್ತೊಂದು ವರ್ಷದಿಂದ ಇದೇ ಕುರ್ಚಿ. ಗಾಜಿನ ಕಾರ್ಖಾನೆ ಮುಚ್ಚಿ ಅಪ್ಪನೂ ಅಣ್ಣನೂ ಒಂದೇ ದಿನ ಮನೆಗೆ ಬಂದು ಕೂತ ವರ್ಷ, ಮೂರು ತಿಂಗಳ ಮಟ್ಟಿಗೆ ಎಂದು ಇಲ್ಲಿಗೆ ಬಂದವರು. ಆಗ ಇಪ್ಪತ್ತೆರಡು ಜನರಿದ್ದ ಸುದ್ದಿಕೋಣೆಯಲ್ಲಿ ಈಗ ಐವರಿದ್ದಾರೆ. ಮುದ್ರಣಯಂತ್ರ ಮಾರಿಹೋಗಿದೆ, ಪತ್ರಿಕೆ ಅಚ್ಚಾಗುವುದು ಅರವತ್ತು ಮೈಲಿ ಆಚೆಯ ಊರಿನಲ್ಲಿ. ಮಾಲೀಕರು ಎಲ್ಲಿದ್ದಾರೆಂದು ಬರ್ನಡೀನ್‌ಗೂ ಸರಿಯಾಗಿ ಗೊತ್ತಿಲ್ಲ.

ಬದಲಾಗದೆ ಉಳಿದದ್ದು ಒಂದೇ ನಿಯಮ. ಬರೆದವರಿಗೆ ಫೋನ್ ಮಾಡಿ ಮಾತಾಡದೆ ಯಾವ ಪತ್ರವೂ ಅಚ್ಚಿಗೆ ಹೋಗುವುದಿಲ್ಲ. ಸಾಮಾನ್ಯ ದಿನಗಳಲ್ಲಿ ವಾರಕ್ಕೆ ಹನ್ನೆರಡು ಪತ್ರ ಬಂದರೆ ಹೆಚ್ಚು. ಚರಂಡಿ, ನಾಯಿ, ಶಾಲೆಯ ಬ್ಯಾಂಡು. ಅಧ್ಯಕ್ಷರ ಚುನಾವಣೆಯ ಈ ವಾರಗಳಲ್ಲಿ ಎಂಬತ್ತು ದಾಟುತ್ತಿವೆ, ಜಾಗವಿರುವುದು ಹದಿನೆಂಟಕ್ಕೆ. ಈ ರಾಜ್ಯ ಯಾರ ಕಡೆ ವಾಲಿದರೆ ಅವರದೇ ಗೆಲುವು ಎಂದು ಟಿ.ವಿ.ಯವರು ದಿನಕ್ಕೆ ನೂರು ಸಲ ಹೇಳುತ್ತಿರುವುದರಿಂದ, ಹಾರ್ಲನ್ ಕ್ರೀಕ್‌ನ ಪ್ರತಿಯೊಬ್ಬನಿಗೂ ದೇಶ ತನ್ನ ಹೆಗಲ ಮೇಲೇ ಕೂತಂತಿದೆ. ಬರ್ನಡೀನ್ ಎಂಬತ್ತು ಜನಕ್ಕೂ ಫೋನ್ ಮಾಡುತ್ತಾರೆ. ಕೇಳುವುದು ಮೂರು ಪ್ರಶ್ನೆ: ಇದನ್ನ ಬರೆದವರು ನೀವೇ ತಾನೆ? ಹೆಸರು ಹಾಕಬಹುದಾ? ನಾಳೆ ಬೆಳಿಗ್ಗೆ ಓದಿದಾಗಲೂ ಇದನ್ನೇ ಹೇಳ್ತೀರಾ? ಮೂರನೆಯದು ಕಚೇರಿಯ ನಿಯಮದಲ್ಲಿಲ್ಲ, ಅವರೇ ಸೇರಿಸಿಕೊಂಡದ್ದು. “ಅದನ್ನ ಕೇಳಿದ್ಮೇಲೆ ಹತ್ತರಲ್ಲಿ ಇಬ್ರು ‘ಇರಿ, ಕೊನೇ ಎರಡು ಸಾಲು ತೆಗೀರಿ’ ಅಂತಾರೆ. ಆ ಎರಡು ಸಾಲು ಯಾವಾಗ್ಲೂ ಪಕ್ಕದ್ಮನೆಯೋರ ಮೇಲೇ ಇರುತ್ತೆ.”

ಪಕ್ಕದ ಮನೆಯ ಜಗಳ ಅವರ ಮನೆಯೊಳಗೂ ಇದೆ. ಪತ್ರಿಕೆಯ ನೌಕರರು ಅಂಗಳದಲ್ಲಿ ಪಕ್ಷದ ಫಲಕ ನೆಡುವಂತಿಲ್ಲ. ರೈಲ್ವೆಯಿಂದ ನಿವೃತ್ತರಾದ ಗಂಡ ಲೆನ್ ತಮ್ಮ ಅಭ್ಯರ್ಥಿಯ ಫಲಕವನ್ನು ಗ್ಯಾರೇಜಿನ ಒಳಗೋಡೆಗೆ ಹೊಡೆದು, ದಿನಕ್ಕೊಮ್ಮೆ ಹೋಗಿ ನೋಡಿ ಬರುತ್ತಾರೆ. ಗುರುವಾರ ಚರ್ಚಿನ ಅಡುಗೆಮನೆಯಲ್ಲಿ ಹೆಂಗಸರೆಲ್ಲ ಸೇರಿ ಪಿರೋಗಿ ಕಡುಬು ಮಡಚುವುದು ಹಳೆಯ ರೂಢಿ. ಬೇಸಿಗೆಯಿಂದೀಚೆಗೆ ಅವರು ಪಕ್ಷಕ್ಕೊಂದರಂತೆ ಎರಡು ಮೇಜಿಗೆ ಕೂರುತ್ತಿದ್ದಾರೆ. ಬರ್ನಡೀನ್ ಯಾವ ಮೇಜಿಗೂ ಹೋಗದೆ ಒಲೆಯ ಮುಂದೆ ನಿಂತು ಕಡುಬು ಬೇಯಿಸುತ್ತಾರೆ.

ಸೆಪ್ಟೆಂಬರಿನ ಒಂದು ಮಂಗಳವಾರ ಬಂದ ಪತ್ರ ಟೈಪ್ ಮಾಡಿದ್ದು. ಕೆಳಗೆ ಟ್ವೈಲಾ ಮಾರ್ಕಮ್ ಎಂಬ ಹೆಸರು. ಟ್ವೈಲಾ ಹತ್ತೊಂಬತ್ತು ವರ್ಷದಿಂದ ಊರಿನ ಶಾಲಾ ಬಸ್ಸು ಓಡಿಸುವವರು. ಒಂದು ಪಕ್ಷದ ಫಲಕ ನೆಟ್ಟ ಮನೆಗಳ ಮುಂದೆ ಬಸ್ಸು ನಿಲ್ಲಿಸಲು ಮನಸ್ಸಾಗುವುದಿಲ್ಲ, ಅಂಥವರ ಮಕ್ಕಳು ನಡೆದುಕೊಂಡೇ ಹೋಗಲಿ ಎಂದು ಅದರಲ್ಲಿತ್ತು. ಯಾವ ಪಕ್ಷವೆಂದು ಇಲ್ಲಿ ಬರೆಯಬಾರದೆಂದು ಬರ್ನಡೀನ್ ಕೇಳಿಕೊಂಡಿದ್ದಾರೆ. “ಅದನ್ನ ಬರೆದ್ರೆ ಓದೋರು ಅಲ್ಲೇ ನಿಂತ್ಬಿಡ್ತಾರೆ. ಮುಂದಿಂದು ಯಾರಿಗೂ ಬೇಡ.”

ಪತ್ರದಲ್ಲಿದ್ದ ನಂಬರಿಗೆ ಕರೆ ಮಾಡಿದರೆ ಟೈರು ಅಂಗಡಿಯೊಂದು ಸಿಕ್ಕಿತು. ಬರ್ನಡೀನ್ ಹಳೆಯ ದೂರವಾಣಿ ಪುಸ್ತಕ ತೆಗೆದು ಮಾರ್ಕಮ್‌ಗಳ ಮನೆ ನಂಬರು ಹುಡುಕಿದರು. ಟ್ವೈಲಾ ಬೆಳಗಿನ ಸುತ್ತು ಮುಗಿಸಿ ಬಂದು ಫೋನ್ ಎತ್ತಿದಾಗ ಹತ್ತು ಗಂಟೆ ನಲವತ್ತು ನಿಮಿಷ.

“ಪತ್ರಾನಾ? ನಾನಾ? ಮದುವೆಯಾದ್ಮೇಲೆ ನಾನು ಪೆನ್ನು ಹಿಡಿದಿರೋದು ದಿನಸಿ ಪಟ್ಟಿಗೆ ಮಾತ್ರ ಕಣಮ್ಮ,” ಎಂದು ಟ್ವೈಲಾ ನಕ್ಕರು. ಬರ್ನಡೀನ್ ಪತ್ರವನ್ನು ಓದಿ ಹೇಳಿದ ಮೇಲೆ ಆ ಕಡೆ ನಗು ನಿಂತಿತು. “ನಾನು ಆ ಮಕ್ಕಳ ಬಗ್ಗೆ ಹಾಗಂತೀನಾ?” ಎಂದಷ್ಟೇ ಕೇಳಿದರು. ‘ಬರೆದಿಲ್ಲ ಎಂದರು’ ಎಂದು ದಿನ, ಹೊತ್ತು, ಟ್ವೈಲಾ ಆಡಿದ ಮಾತಿನ ಸಮೇತ ನೋಟ್‌ಬುಕ್ಕಿಗೆ ಹೋಯಿತು. ಪತ್ರ ಅಚ್ಚಾಗಬಾರದವುಗಳ ಪೆಟ್ಟಿಗೆ ಸೇರಿತು.

ಗುರುವಾರ ಬೆಳಿಗ್ಗೆ ಜಿಲ್ಲೆಯ ಒಂದು ರೇಡಿಯೊ ಕಾರ್ಯಕ್ರಮದಲ್ಲಿ ಅದೇ ಪತ್ರ ಅಕ್ಷರಶಃ ಕೇಳಿಬಂತು. ಕಳಿಸಿದವರು ಅಲ್ಲಿಗೂ ಒಂದು ಪ್ರತಿ ಕಳಿಸಿದ್ದರು. “ಡಿಸ್ಪ್ಯಾಚ್‌ನವರು ನಿಮ್ಮಿಂದ ಮುಚ್ಚಿಟ್ಟಿರೋ ಪತ್ರ ಇದು,” ಎಂದು ನಿರೂಪಕ ಎರಡು ಸಲ ಓದಿದ. ಮಧ್ಯಾಹ್ನದ ಹೊತ್ತಿಗೆ ಬರ್ನಡೀನ್ ಮೇಜಿಗೆ ನೂರಾ ಹನ್ನೊಂದು ಕರೆ ಬಂದಿದ್ದವು. ಅರ್ಧ ಜನಕ್ಕೆ ಪತ್ರ ಯಾಕೆ ಮುಚ್ಚಿಟ್ಟಿರಿ ಎಂಬ ಸಿಟ್ಟು. ಇನ್ನರ್ಧ ಜನಕ್ಕೆ ರೇಡಿಯೊದವರಿಗೆ ಯಾಕೆ ಕೊಟ್ಟಿರಿ ಎಂಬ ಸಿಟ್ಟು. ಶುಕ್ರವಾರ, ವಿಚಾರಣೆ ಮುಗಿಯುವವರೆಗೆ ಮನೆಯಲ್ಲಿರಿ ಎಂದು ಶಾಲೆಯವರು ಟ್ವೈಲಾ ಕೈಯಿಂದ ಬಸ್ಸಿನ ಕೀಲಿ ತೆಗೆದುಕೊಂಡರು.

ಬರ್ನಡೀನ್ ನೋಟ್‌ಬುಕ್ ಹಿಡಿದು ಸಂಪಾದಕ ಕರ್ಟ್ ಲಿಂಡ್‌ಮನ್ ಕೋಣೆಗೆ ಹೋದರು. ರೇಡಿಯೊದವನು ಬಾಯಿ ತೆರೆಯುವ ಎರಡು ದಿನ ಮೊದಲೇ ಟ್ವೈಲಾ ಇದು ತನ್ನದಲ್ಲ ಎಂದಿದ್ದಕ್ಕೆ ಊರಿನಲ್ಲಿದ್ದ ಸಾಕ್ಷಿ ಅದೊಂದೇ. ಕರ್ಟ್ ಕೆಟ್ಟವರಲ್ಲ, ಪತ್ರಿಕೆ ನಡೆಸುವ ಕಂಪನಿಯ ವಕೀಲರನ್ನು ಕೇಳಿದರು. ಅಚ್ಚಾಗದ ಪತ್ರಗಳ ಬಗ್ಗೆ ಹೊರಗೆ ಒಂದು ಮಾತೂ ಆಡಬಾರದೆಂದು ಉತ್ತರ ಬಂತು.

“ಬರ್ನಿ, ಚುನಾವಣೆಗೆ ಆರು ವಾರ ಇದೆ. ನಾವು ಯಾರ ಪರ ಮಾತಾಡಿದ್ರೂ ಇನ್ನೊಬ್ರು ನಮ್ಮ ಕುತ್ತಿಗೆ ಹಿಡೀತಾರೆ. ಸುಮ್ನಿದ್ಬಿಡೋಣ,” ಎಂದರು ಕರ್ಟ್.

“ನಾನು ಯಾರ ಪರಾನೂ ಮಾತಾಡಲ್ಲ. ಅವಳು ಏನಂದ್ಳು ಅಂತ ಹೇಳ್ತೀನಿ ಅಷ್ಟೆ.”

“ಈಗ ಅದೂ ಒಂದು ಪಕ್ಷಾನೇ.”

ಆ ಶನಿವಾರ, ಭಾನುವಾರ ಬರ್ನಡೀನ್ ಒಂದೆಡೆ ಕೂರಲಿಲ್ಲ. ಹಲೂಶ್ಕಿ ಎಂಬ ಅಡುಗೆಗೆಂದು ಹೆಚ್ಚಿದ ಎಲೆಕೋಸು ಹಾಗೇ ಬಾಡಿತು. ಗ್ಯಾರೇಜು ಗುಡಿಸಿದರು, ಮತ್ತೆ ಗುಡಿಸಿದರು. ಲೆನ್ ಬಾಗಿಲಲ್ಲಿ ನಿಂತು ನೋಡಿ, “ಅದು ಗ್ಯಾರೇಜು ಕಣೆ, ಆಪರೇಷನ್ ಥಿಯೇಟರ್ ಅಲ್ಲ,” ಎಂದರಂತೆ. ಸೋಮವಾರ ಬಂದ ಕರೆಗಳಲ್ಲಿ ಒಂದು ಟ್ವೈಲಾದು. “ಆವತ್ತು ಫೋನ್ ಮಾಡಿದ್ದು ನೀವೇ ಅಲ್ವಾ? ನಾನಲ್ಲ ಅಂತ ನಿಮಗೆ ಹೇಳಿದ್ನಲ್ಲ. ಈಗ ಹೇಳಿದ್ರೆ ಯಾರೂ ನಂಬ್ತಿಲ್ಲ. ನೀವಾದ್ರೂ ಯಾರಿಗಾದ್ರೂ ಹೇಳ್ಬಾರ್ದಾ?”

ಮಂಗಳವಾರ ಸಂಜೆ ಆರಕ್ಕೆ ಶಾಲಾ ಮಂಡಳಿಯ ಸಭೆ. ಊರಿನವರು ಯಾರು ಬೇಕಾದರೂ ಮೂರು ನಿಮಿಷ ಮಾತಾಡಬಹುದು. ಬರ್ನಡೀನ್ ಹೆಸರು ಬರೆಸಿ, ಮಧ್ಯದ ಸಾಲಿನಲ್ಲಿ ನೋಟ್‌ಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಹಿಂದಿನ ಸಾಲಿನಲ್ಲಿ ಲೆನ್ ಕಾಲು ಚಾಚಿಕೊಂಡಿದ್ದರು. ಎಡಕ್ಕೆ ಒಂದು ಪಕ್ಷದ ಟೋಪಿಗಳು, ಬಲಕ್ಕೆ ಇನ್ನೊಂದು ಪಕ್ಷದ ಬ್ಯಾಡ್ಜುಗಳು. ಟ್ವೈಲಾ ಗೋಡೆಗೆ ಒರಗಿ ನಿಂತಿದ್ದರು. ಅವರ ಪಕ್ಕ ಯಾರೂ ನಿಂತಿರಲಿಲ್ಲ.

ಬರ್ನಡೀನ್ ಭಾಷಣ ಮಾಡಲಿಲ್ಲ. ಪುಟ ತೆರೆದು ಓದಿದರು. ದಿನ, ಗಂಟೆ, ಪತ್ರದಲ್ಲಿದ್ದ ಸುಳ್ಳು ನಂಬರು, ಟೈರು ಅಂಗಡಿ, ನಿಜವಾದ ನಂಬರು, ಟ್ವೈಲಾ ಹೇಳಿದ ಮಾತು. ದಿನಸಿ ಪಟ್ಟಿಯದನ್ನೂ ಬಿಡಲಿಲ್ಲ. ಓದಿನ ನಡುವೆ ಎಡಗಡೆಯಿಂದ ಮೀನುಗಾಳದ ಅಂಗಡಿಯ ಡ್ವೈಟ್ ಸೋಮರ್ಸ್ ಎದ್ದರು.

“ಮೊದ್ಲು ನೀನು ಯಾರಿಗೆ ಓಟು ಹಾಕ್ತೀಯ ಅದನ್ನ ಹೇಳು. ಆಮೇಲೆ ನಿನ್ನ ಪುಸ್ತಕ ಓದು.”

“ಮೂವತ್ತೆಂಟು ವರ್ಷ ಜೊತೇಲಿ ಊಟ ಮಾಡಿರೋ ನನ್ನ ಗಂಡಂಗೇ ಅದು ಗೊತ್ತಿಲ್ಲ. ನಿಮಗೆ ಯಾಕೆ ಹೇಳ್ಲಿ?”

“ನಿಜ,” ಎಂದರು ಲೆನ್ ಹಿಂದಿನಿಂದ. ಒಂದೆರಡು ಕಡೆ ನಗು ಬಂತು. ಬಲಗಡೆಯಿಂದ ಒಬ್ಬ ಹೆಂಗಸು, “ಪೇಪರಿನೋರೇ ಇದನ್ನೆಲ್ಲ ಹುಟ್ಟಿಸಿರೋದು,” ಎಂದು ಕೂಗಿದರು. ಮೂರು ನಿಮಿಷದ ಗಂಟೆ ಹೊಡೆಯಿತು. ಬರ್ನಡೀನ್ ಇನ್ನೊಂದು ಸಾಲು ಓದುವುದಿತ್ತು, ಓದದೆ ಕೂತರು.

ಮುಂದಿನ ಸೋಮವಾರ ಟ್ವೈಲಾಗೆ ಕೀಲಿ ಮರಳಿ ಸಿಕ್ಕಿತು. ಹಾಗೆಂದು ಎಲ್ಲವೂ ಮೊದಲಿನಂತಾಗಲಿಲ್ಲ. ಬೆಟ್ಟದ ರಸ್ತೆಯ ಒಂದು ನಿಲ್ದಾಣದಲ್ಲಿ ನಾಲ್ಕು ಮಕ್ಕಳನ್ನು ಇಂದಿಗೂ ಅವರ ಅಪ್ಪಂದಿರು ಕಾರಿನಲ್ಲೇ ಕರೆದೊಯ್ಯುತ್ತಾರೆ. ಟ್ವೈಲಾ ಮಾತ್ರ ಅಲ್ಲಿ ದಿನವೂ ಬಸ್ಸು ನಿಲ್ಲಿಸಿ, ಬಾಗಿಲು ತೆರೆದು, ಮತ್ತೆ ಮುಚ್ಚಿ ಹೊರಡುತ್ತಾರೆ. “ಅವರ ಹೆಸರು ನನ್ನ ಪಟ್ಟಿಲಿದೆ. ಪಟ್ಟಿಲಿರೋವರ್ಗೂ ನಿಲ್ಲಿಸ್ತೀನಿ,” ಎನ್ನುತ್ತಾರೆ.

ಆ ವಾರ ನಲವತ್ತೊಂದು ಮನೆಯವರು ಪತ್ರಿಕೆ ನಿಲ್ಲಿಸಿದರು, ಎರಡೂ ಕಡೆಯವರು. ಕಂಪನಿಯಿಂದ ಬರ್ನಡೀನ್‌ಗೆ ಎಚ್ಚರಿಕೆಯ ಪತ್ರ ಬಂತು. ಇನ್ನೊಮ್ಮೆ ಹೀಗಾದರೆ ಕೆಲಸ ಇರುವುದಿಲ್ಲ. ಅದನ್ನು ಕೊಡುವಾಗ ಕರ್ಟ್ ಮುಖ ನೋಡಲಿಲ್ಲ. ಸುಳ್ಳು ಪತ್ರ ಬರೆದವರು ಯಾರೆಂದು ಇಂದಿಗೂ ತಿಳಿದಿಲ್ಲ. ಬರ್ನಡೀನ್‌ರನ್ನು ಹೆಚ್ಚು ಕಾಡುವುದು ಅದೇ. ಪೆಟ್ಟಿಗೆಯಿಂದ ಆ ಹಾಳೆ ತೆಗೆದು, ಹೊಸದಾಗಿ ಬಂದ ಟೈಪ್ ಮಾಡಿದ ಪತ್ರಗಳ ಪಕ್ಕ ಇಟ್ಟು ಅಲ್ಪವಿರಾಮಗಳನ್ನು ಹೋಲಿಸುತ್ತಾರೆ. “ಅಂಗಡೀಲಿ ಸಾಲಲ್ಲಿ ನಿಂತಾಗ ಮುಂದಿರೋರ ಬೆನ್ನು ನೋಡ್ತೀನಿ. ಇವರೇ ಇರ್ಬಹುದಾ ಅಂತ. ಚರ್ಚಲ್ಲೂ ಹಾಗೇ. ಅದು ತಪ್ಪು, ನನಗೆ ಗೊತ್ತು.”

ಚುನಾವಣೆಗೆ ಮುಂಚಿನ ಕೊನೆಯ ಪತ್ರಗಳ ಪುಟ ಶನಿವಾರದ್ದು. ಶುಕ್ರವಾರ ಬೆಳಿಗ್ಗೆ ಏಳಕ್ಕೆ ಬರ್ನಡೀನ್ ರಾಶಿಯಿಂದ ಒಂದು ಪತ್ರ ಎತ್ತಿ, ಎರಡು ಸಲ ಓದಿ, ಕರ್ಟ್ ಮೇಜಿಗೆ ಒಯ್ದು ಇಡುತ್ತಾರೆ. ಕರ್ಟ್ ಓದಿ, “ಇದನ್ನ ಹಾಕ್ಲೇಬೇಕು ಅಂತೇನಿಲ್ಲ ಬರ್ನಿ,” ಎನ್ನುತ್ತಾರೆ.

“ಇನ್ನೂರು ಪದದ ಒಳಗಿದೆ. ಹೊಲಸು ಮಾತಿಲ್ಲ. ಒಬ್ರಿಗೆ ತಿಂಗಳಿಗೆ ಒಂದೇ ಪತ್ರ, ಹೋದ ತಿಂಗಳು ಅವರದು ಯಾವುದೂ ಬಂದಿಲ್ಲ. ಬಿಡೋಕೆ ಕಾರಣ ಏನಿದೆ?” ಎಂದು ಬರ್ನಡೀನ್ ಕುರ್ಚಿಗೆ ಮರಳಿ ನಂಬರು ಒತ್ತುತ್ತಾರೆ. ಆ ಕಡೆ ಫೋನ್ ಎತ್ತಿದವರು ಡ್ವೈಟ್ ಸೋಮರ್ಸ್.

“ಡಿಸ್ಪ್ಯಾಚ್‌ನಿಂದ ಮಾತಾಡ್ತಿದ್ದೀನಿ. ನಿಮ್ಮ ಹೆಸರಲ್ಲಿ ಒಂದು ಪತ್ರ ಬಂದಿದೆ. ಓದ್ತೀನಿ, ಕೇಳಿಸ್ಕೊಳ್ಳಿ.”

ಓದುತ್ತಾರೆ. ಪತ್ರ ಪೂರ್ತಿ, ಹೆಸರು ಸಮೇತ, ಬರ್ನಡೀನ್ ಮೇಲೆಯೇ ಇದೆ. ಪತ್ರಿಕೆಯ ಸಂಬಳ ತಿನ್ನುವ ಗುಮಾಸ್ತೆಯೊಬ್ಬಳಿಗೆ ಊರಿನ ಸಭೆಯಲ್ಲಿ ಎದ್ದುನಿಂತು ಬುದ್ಧಿ ಹೇಳಲು ಹಕ್ಕಿಲ್ಲ, ಅವಳನ್ನು ಇಷ್ಟು ಹೊತ್ತಿಗೆ ಕೆಲಸದಿಂದ ತೆಗೆಯಬೇಕಿತ್ತು ಎಂದು. ದನಿ ಏರಿಸದೆ, ಹವಾಮಾನ ವರದಿ ಓದುವಂತೆ ಓದಿ ಮುಗಿಸುತ್ತಾರೆ.

“ಇದನ್ನೂ ನೀವೇ ನೋಡ್ತೀರಾ?” ಎನ್ನುತ್ತಾರೆ ಡ್ವೈಟ್.

“ಇನ್ಯಾರು ನೋಡ್ತಾರೆ? ಪತ್ರಗಳಿಗೆ ಇಲ್ಲಿರೋಳು ನಾನೊಬ್ಳೇ.”

“ಹಾಕಲ್ಲ ಅಂದ್ಕೊಂಡಿದ್ದೆ.”

“ನಾಳೆ ಬರುತ್ತೆ, ಮೇಲಿನಿಂದ ಎರಡನೇದು. ಒಂದೇ ಒಂದು ತಪ್ಪಿದೆ ಸೋಮರ್ಸ್ ಅವರೇ. ಹುಡಾಕ್ ಅನ್ನೋದರಲ್ಲಿ ಒಂದಕ್ಷರ ಜಾಸ್ತಿ ಹಾಕಿದ್ದೀರ. ನಾನು ಸರಿ ಮಾಡ್ಲಾ?”

ಅವರು ಏನೋ ಗೊಣಗುತ್ತಾರೆ. ಬರ್ನಡೀನ್ ಅದನ್ನು ಒಪ್ಪಿಗೆಯೆಂದು ಬರೆದುಕೊಂಡು ಫೋನ್ ಇಡುತ್ತಾರೆ. ಪೆನ್ನಿನಿಂದ ಆ ಅಕ್ಷರ ಹೊಡೆದುಹಾಕಿ, ಹಾಳೆಯನ್ನು ಅಚ್ಚಿಗೆ ಹೋಗುವ ಟ್ರೇಯಲ್ಲಿ ಇಡುತ್ತಾರೆ.

“ಮೂವತ್ತೊಂದು ವರ್ಷದಲ್ಲಿ ನನ್ನ ಹೆಸರು ಈ ಪೇಪರಲ್ಲಿ ಬರ್ತಿರೋದು ಇದೇ ಮೊದಲು,” ಎನ್ನುತ್ತಾರೆ. “ಸರಿಯಾಗಿ ಬರ್ಲಿ.”