ಎರಡು ಬ್ಯಾಂಡಿನ ಅತ್ತೆ

ನನ್ನ ಸೊಸೆಯಾಗಲಿದ್ದ ಸಹನಾ ಮೊದಲ ಸಲ ವನಗೂರಿನ ನಮ್ಮ ಮನೆಗೆ ಬಂದಾಗ, ಕಾಫಿ ಲೋಟ ಕೆಳಗಿಡುತ್ತ, "ಅತ್ತೆ, ನಿಮಗೆ ತುಂಬ ಇಷ್ಟವಾದ ಬ್ಯಾಂಡ್ ಯಾವ್ದು?" ಎಂದು ಕೇಳಿದಳು. ಹುಡುಗಿ ಕೇಳಿದ ಮೊದಲ ಪ್ರಶ್ನೆ, ತಡವರಿಸಬಾರದು ಎಂದು ಥಟ್ಟನೆ ಹೇಳಿದೆ: "ಮೀಡಿಯಂ ವೇವ್."

ಮಗ ನಕ್ಕು ನಕ್ಕು ಕುರ್ಚಿಯಿಂದ ಜಾರಿದ. ಅವಳು ಕೇಳಿದ್ದು ಗಿಟಾರು, ಡ್ರಮ್ಮು ಹಿಡಿದು ಹಾಡುವವರ ತಂಡದ ಬಗ್ಗೆಯಂತೆ. ನಾನು ಹುಟ್ಟಿ ಬೆಳೆದ ಪಾಳ್ಯದಲ್ಲಿ ಬ್ಯಾಂಡ್ ಇರುತ್ತಿದ್ದದ್ದು ರೇಡಿಯೋದೊಳಗೆ. ನಮ್ಮಪ್ಪನದು ಎರಡು ಬ್ಯಾಂಡಿನ ರೇಡಿಯೋ, ಪಕ್ಕದ ಮನೆಯವರದು ಮೂರು ಬ್ಯಾಂಡಿನದು. ಆ ಹೆಚ್ಚಿನ ಒಂದು ಬ್ಯಾಂಡಿನಿಂದಾಗಿ ಅವರ ಮನೆಯ ಹೆಂಗಸರು ಬಾವಿಕಟ್ಟೆಯಲ್ಲಿ ನಮಗಿಂತ ಒಂದು ಗೇಣು ಎತ್ತರವಾಗಿ ನಿಲ್ಲುತ್ತಿದ್ದರು.

ರೇಡಿಯೋದ ಕಿವಿ ಹಿಂಡುವ ಹಕ್ಕು ಅಪ್ಪನಿಗೆ ಮಾತ್ರ. ನಮ್ಮ ಕಿವಿಗಳ ಮೇಲೂ ಅವರಿಗೆ ಅದೇ ಹಕ್ಕಿತ್ತೆನ್ನಿ. ಒಬ್ಬಾಕೆಯ ದನಿ ನನಗೆ ಪ್ರಾಣ. ಆದರೆ ಹೆಸರು ಹೇಳುವ ಹೊತ್ತಿಗೆ ಸರಿಯಾಗಿ ರೇಡಿಯೋ ಕರಕರ ಎನ್ನುತ್ತಿತ್ತು. ಹಾಗಾಗಿ ನನ್ನ ಮೆಚ್ಚಿನ ಗಾಯಕಿಯ ಹೆಸರು ಬಹಳ ಕಾಲ ಕರಕರ ಎಂದೇ ಇತ್ತು.

ಹಿಂದಿನ ಶಾಸ್ತ್ರಕಾರರು ಸಂಗೀತವನ್ನು ಮಾರ್ಗ, ದೇಶಿ ಎಂದು ಎರಡು ಭಾಗ ಮಾಡಿದರು. ವನಗೂರಿನಲ್ಲಿ ಒಂದು ಮಳೆಗಾಲ ಕಳೆದಿದ್ದರೆ ಸಿಗುವುದು, ಸಿಗದಿರುವುದು ಎಂದು ಮಾಡುತ್ತಿದ್ದರು. ಮದುವೆಯಾಗಿ ಇಲ್ಲಿಗೆ ಬಂದಾಗ ತವರಿನಲ್ಲಿ ಕೇಳುತ್ತಿದ್ದ ಸ್ಟೇಷನ್ನು ಗುಡ್ಡದ ಆಚೆಯೇ ಉಳಿಯಿತು. ಕರಾವಳಿಯ ಸ್ಟೇಷನ್ನು ಮಾತ್ರ ಮೀನಿನ ಲಾರಿಯ ಹಾಗೆ ಘಾಟಿ ಹತ್ತಿ, ಮಾರನಹಳ್ಳಿ ದಾಟಿ ನಮ್ಮ ಬಚ್ಚಲಿಗೆ ಬರುತ್ತಿತ್ತು. ಬಚ್ಚಲಿಗೇ ಏಕೆಂದರೆ, ನೀರೊಲೆಯ ಹಂಡೆಯ ಮುಚ್ಚಳದ ಮೇಲಿಟ್ಟರೆ ಮಾತ್ರ ನಮ್ಮ ರೇಡಿಯೋ ಬಾಯಿ ಬಿಡುತ್ತಿದ್ದದ್ದು. ಆಮೇಲೆ ಯಜಮಾನರ ಜೀಪಿನಲ್ಲಿ ಕ್ಯಾಸೆಟ್ಟು ಬಂತು. ಏರುದಾರಿಯಲ್ಲಿ ಹಾಡು ಎಳೆಯತೊಡಗುತ್ತಿತ್ತು. ಜೀಪಿನಂತೆ ಹಾಡುವವನಿಗೂ ದಮ್ಮು ಕಟ್ಟುತ್ತದೆ ಎಂದು ನಾನು ಮರುಗಿದ್ದುಂಟು.

ಇವೆಲ್ಲ ಇದ್ದರೂ ನಿಜವಾಗಿ ನನ್ನ ಬ್ಯಾಂಡ್ ಯಾವುದೆಂದರೆ ಪಾಳ್ಯದ ಸಿದ್ದಣ್ಣನ ಬ್ಯಾಂಡ್ ಸೆಟ್. ಕೆಂಪು ಕೋಟು, ಒಂದು ಗುಂಡಿ ಇದ್ದರೆ ಇನ್ನೊಂದಿಲ್ಲ. ಆದರೆ ಸಿದ್ದಣ್ಣ ಕ್ಲಾರಿನೆಟ್ ಬಾಯಿಗಿಟ್ಟರೆ ಕಟ್ಟಿದ ಹಸುವೂ ಗೊರಸು ಕುಟ್ಟಬೇಕು. ಗಂಡನ ಮನೆಗೆ ಅದರ ಹಿಂದೆಯೇ ನಡೆದು ಹೋಗಬೇಕೆಂದು ಲಂಗ ಉಡುವ ಕಾಲದಿಂದ ನನ್ನ ಆಸೆ. ಅಪ್ಪ ಗೊತ್ತು ಮಾಡಿಯೂ ಇದ್ದರು. ಮನೆ ತುಂಬಿಸಿಕೊಳ್ಳುವ ದಿನ ನಾವು ಇಲ್ಲಿಯ ಗೇಟಿಗೆ ಬಂದೆವು, ಬ್ಯಾಂಡಿನವರ ಜೀಪು ಕೆಳಗಿನ ತಿರುವಿನಲ್ಲಿ ಕೆಟ್ಟು ಕೂತಿತು. ಯಜಮಾನರ ಅಣ್ಣ, ನಮ್ಮ ಭಾವ, ಆಕಾಶ ನೋಡಿ, "ಹೊತ್ತು ಮೀರ್ತೈತೆ. ಬ್ಯಾಂಡೂ ಬ್ಯಾಡ ಗೀಂಡೂ ಬ್ಯಾಡ, ಒಳಗೆ ಬನ್ರಿ" ಅಂದುಬಿಟ್ಟರು. ತೋಟದ ಆಳುಗಳ ಸಾಲುಮನೆ, ಲೈನಿನ ಕಡೆಯಿಂದ ಯಾರದೋ ರೇಡಿಯೋ ಕೃಷಿರಂಗ ಹೇಳುತ್ತಿತ್ತು. ನಾನು ಹೊಸ್ತಿಲು ದಾಟಿದ್ದು ಕಾಫಿ ಗಿಡಕ್ಕೆ ಹೊಡೆಯುವ ಬೋರ್ಡೋ ದ್ರಾವಣ ಬೆರೆಸುವ ವಿಧಾನ ಕೇಳುತ್ತ! ಎಲೆ ತೆಗೆಯುವ ಹೊತ್ತಿಗೆ ಬಂದ ಸಿದ್ದಣ್ಣನ ಬ್ಯಾಂಡು ಊಟಕ್ಕಿಲ್ಲದ ಉಪ್ಪಿನಕಾಯಿ ಆಯಿತು. ಅವತ್ತು ಬಚ್ಚಲಲ್ಲಿ ಕೂತು ಅತ್ತಿದ್ದೆ. ತವರು ಬಿಟ್ಟಿದ್ದಕ್ಕೆ ಅಂತ ಎಲ್ಲರೂ ಸಮಾಧಾನ ಮಾಡಿದರು.

ಆದ್ದರಿಂದ ಮಗನ ಮದುವೆ ಗೊತ್ತಾದಾಗ ನನ್ನದು ಒಂದೇ ಹಟ. ಸಹನಾ ಇಳಿದು ಒಳಗೆ ಬರುವಾಗ ಬ್ಯಾಂಡ್ ಸೆಟ್ ಇರಬೇಕು.

ಭಾವ ನಕ್ಕರು. "ಈ ಕಾಲ್ದಲ್ಲಿ ಬ್ಯಾಂಡ್ ಸೆಟ್ಟಾ? ಡೀಜೆ ತರ್ಸಿದ್ರೆ ಗುಡ್ಡಾನೇ ಅಲ್ಲಾಡ್ಬುಡ್ತೈತೆ ಕಣಮ್ಮ."

"ಗುಡ್ಡ ಇದ್ದಲ್ಲೇ ಇರ್ಲಿ ಭಾವ. ಅವತ್ತು ನನ್ನ ಸುಮ್ಗೆ ಒಳಗೆ ಕರ್ಕಂಡ್ರಿ. ಈ ಸಲ ಬ್ಯಾಂಡ್ ಊದೋವರ್ಗೂ ನಾನು ಆರತಿ ಎತ್ತಾಕಿಲ್ಲ."

ಅತ್ತೆ ಆರತಿ ಎತ್ತದೆ ಸೊಸೆ ಒಳಗೆ ಬರುವಂತಿಲ್ಲ. ಇಷ್ಟು ವರ್ಷದಲ್ಲಿ ನನ್ನ ಕೈಗೆ ಸಿಕ್ಕ ಮೊದಲ ಅಸ್ತ್ರ ಅದು. ಭಾವ ಮೀಸೆ ತೀಡಿಕೊಂಡರು. "ನಿನ್ನಿಷ್ಟ. ಅವ್ರ ಜೀಪು ಮತ್ತೆ ಕೆಟ್ಟೋದ್ರೆ ನನ್ನ ಕೇಳ್ಬ್ಯಾಡ."

ಕೆಡಲು ಬಿಟ್ಟರೆ ತಾನೆ? ಹಿಂದಿನ ದಿನವೇ ಕರೆಸಿ, ಕಾಫಿ ಸ್ಟೋರಿನಲ್ಲಿ ಮೂಟೆಗಳ ನಡುವೆ ಹಾಸಿಗೆ ಹಾಸಿಸಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡೆ. ತಲೆ ಪೂರ ಬೆಳ್ಳಗಾಗಿದ್ದ ಸಿದ್ದಣ್ಣ, "ಏನವ್ವಾ, ನಾವೇನ್ ಕಾಫಿ ಬೀಜ್ವಾ, ಬೀಗ ಹಾಕಾಕೆ?" ಎಂದು ನಕ್ಕ.

ಮಾರನೆಯ ದಿನ ಕಾರು ಗೇಟಿಗೆ ಬರುವ ಹೊತ್ತಿಗೆ ಕೆಂಪು ಕೋಟುಗಳು ಸಾಲಾಗಿ ನಿಂತಿದ್ದವು. ಸಿದ್ದಣ್ಣ ಉಸಿರೆಳೆದು ಊದಿದ. ಡ್ರಮ್ಮಿನ ಪೆಟ್ಟು ತೋಟದ ಇಳಿಜಾರಿಗೆ ಬಡಿದು ವಾಪಸು ಬಂತು. ನನ್ನ ಮೈಯೆಲ್ಲ ಜುಮ್ಮೆಂದಿತು. ಕಾರಿನಿಂದಿಳಿದ ಸಹನಾ ಕಣ್ಣರಳಿಸಿ, "ಅತ್ತೆ, ಇದಾ ನಿಮ್ಮ ಬ್ಯಾಂಡು?" ಎಂದು ಕೂಗಿದವಳೇ ಸೀರೆಯ ನೆರಿಗೆ ಎತ್ತಿ ಹಿಡಿದು ಕುಣಿಯಲು ಶುರುಮಾಡಿದಳು. ನಾನು ಆರತಿ ತಟ್ಟೆಯನ್ನು ಪಕ್ಕದಲ್ಲಿದ್ದವರ ಕೈಗೆ ತುರುಕಿ ಓಡಿದೆ. ನನ್ನ ಮೊಣಕಾಲು ನೋವು ಎಲ್ಲಿ ಹೋಯಿತೋ! ಮಗ ಕುಣಿದ, ಯಜಮಾನರು ಕುಣಿದರು, ಲೈನಿನ ಹೆಂಗಸರೆಲ್ಲ ಬಂದು ಸೇರಿಕೊಂಡರು.

ಸುಸ್ತಾಗಿ ತಿರುಗಿ ನೋಡಿದರೆ ತಟ್ಟೆ ಹಿಡಿದು ನಿಂತವರು ಭಾವ. ಅವರ ಹೆಬ್ಬೆರಳು ನೆಲದ ಮೇಲೆ ತಾಳ ಹಾಕುತ್ತಿತ್ತು. ಆರತಿಯ ಕೆಂಪು ನೀರು ತುಳುಕಿ ಬಿಳಿ ಪಂಚೆ ಓಕುಳಿಯಾಗಿತ್ತು. ನಾಚಿಕೆಯಾಗಿ ತಟ್ಟೆಗೆ ಕೈ ಚಾಚಿ, "ಸಾಕು ಭಾವ, ಹೊತ್ತು ಮೀರ್ತೈತೆ" ಅಂದೆ.

ಅವರು ತಟ್ಟೆ ಕೊಡಲಿಲ್ಲ. "ಇನ್ನೊಂದು ಊದ್ಲಿ ತಡಿಯಮ್ಮ. ಹೊತ್ತೇನ್ ಮೀರಾಕಿಲ್ಲ."

ಇನ್ನೊಂದಾಯಿತು, ಮತ್ತೊಂದೂ ಆಯಿತು. ಆಮೇಲೆ ಆರತಿ ಎತ್ತಿದೆ. ಸಹನಾ ಸೇರು ಒದ್ದು ಬಲಗಾಲಿಟ್ಟು ಒಳಗೆ ಬಂದಳು. ಅವಳ ಕೈ ಹಿಡಿದು, ಹಿಂದೆ ಸಿದ್ದಣ್ಣ ಊದುತ್ತಿರಲು, ನಾನೂ ಬಲಗಾಲಿಟ್ಟೇ ಒಳಗೆ ಹೋದೆ.